ಹಳೆಯ ಸ್ಪೋರ್ಟ್ಸ್ ಕಾರಿನ ರಿಪೇರಿ ಮತ್ತು ಸುಧಾರಣೆ: ಯಾವುದು ಮೊದಲು, ಯಾವುದು ಜೊತೆಗೆ, ಯಾವುದು ಕೊನೆಗೆ

ಕಾರು ಕೊಂಡ ಮೊದಲ ತಿಂಗಳಲ್ಲೇ ನಾನು ಅದನ್ನು 30 ಮಿಲಿಮೀಟರ್ ತಗ್ಗಿಸಿದೆ. ಎರಡೇ ಸೀಟಿನ, ನನಗಿಂತ ತುಸುವೇ ಕಡಿಮೆ ವಯಸ್ಸಿನ ಕಾರು ಅದು. ಗಿಡ್ಡ ಸ್ಪ್ರಿಂಗುಗಳು ಕೂತ ಮೇಲೆ ನೆಲವನ್ನು ತಬ್ಬಿಕೊಂಡಂತೆ ಕಾಣುತ್ತಿತ್ತು, ಫೋಟೊಗಳೂ ಚೆನ್ನಾಗಿ ಬಂದವು. ಆರನೇ ವಾರದಲ್ಲಿ ಹೀಟರಿಗೆ ಹೋಗುವ ಹೆಬ್ಬೆರಳು ಗಾತ್ರದ ಒಂದು ರಬ್ಬರ್ ಪೈಪು ಬಾಯಿ ಬಿಟ್ಟಿತು. ಎಂಜಿನ್ ತಂಪಾಗಿಡುವ ಕೂಲಂಟ್ ಪೂರ್ತಿ ರಸ್ತೆಯ ಪಾಲಾಯಿತು, ಕಾರು ಲಾರಿಯ ಬೆನ್ನೇರಿ ಮನೆಗೆ ಬಂತು. ಲಾರಿಗೆ ಹತ್ತಿಸುವಾಗ ಮುಂದಿನ ಬಂಪರ್ ಉಜ್ಜಿ ಗೀರು ಬಿತ್ತು. ತಗ್ಗಿಸಿದ್ದೆನಲ್ಲ!

ಆ ಪೈಪನ್ನು ಒಮ್ಮೆ ಬೆರಳಲ್ಲಿ ಹಿಸುಕಿದ್ದರೂ ಸಾಕಿತ್ತು, ಒಣಗಿದ ತೊಗಲಿನಂತೆ ಬಿರುಕು ಬಿಟ್ಟಿದ್ದು ಗೊತ್ತಾಗುತ್ತಿತ್ತು. ಅಂದಿನಿಂದ ನನಗೆ ಒಂದು ವಿಷಯ ಖಚಿತವಾಗಿದೆ. ಮನೆಯಲ್ಲೇ ಹಳೆಯ ಕಾರು ರಿಪೇರಿ ಮಾಡಲು ಹೊರಟವರು ಸೋಲುವುದು ಕೈಚಳಕ ಸಾಲದೆ ಅಲ್ಲ, ಕೆಲಸದ ಸರದಿ ತಪ್ಪಿ. ಕೈಚಳಕ ಒಂದೆರಡು ವರ್ಷದಲ್ಲಿ ತಾನಾಗಿ ಬರುತ್ತದೆ. ಸರದಿಯನ್ನು ಮಾತ್ರ ಕೂತು ಯೋಚಿಸಿ ಕಾಗದದ ಮೇಲೆ ಹಾಕಿಕೊಳ್ಳಬೇಕು.

ಮೊದಲ ದಿನ ಸ್ಪ್ಯಾನರ್ ಮುಟ್ಟಬೇಡಿ

ಮೊದಲು ಬೇಕಾದದ್ದು ತಯಾರಕರೇ ಹೊರತಂದ ವರ್ಕ್‌ಶಾಪ್ ಕೈಪಿಡಿ, ಅದೂ ನಿಮ್ಮ ಕಾರಿನ ವರ್ಷದ್ದು. ಹೊರಗಿನ ಆಕಾರ ಒಂದೇ ಇದ್ದರೂ ಒಳಗಿನ ಭಾಗಗಳು ವರ್ಷದಿಂದ ವರ್ಷಕ್ಕೆ ಬದಲಾಗಿರುತ್ತವೆ. 1989ರಲ್ಲಿ ಬಂದ ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5ರಲ್ಲಿ ಇದ್ದದ್ದು 1.6 ಲೀಟರ್ ಎಂಜಿನ್. ಕೆಲವು ವರ್ಷಗಳ ನಂತರ ಅದೇ ಮೈಕಟ್ಟಿನೊಳಗೆ 1.8 ಲೀಟರ್ ಎಂಜಿನ್ ಬಂತು, ಅದರೊಂದಿಗೆ ಬ್ರೇಕ್ ಡಿಸ್ಕಿನ ಅಳತೆಯೂ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಶಿಯಲ್ಲೂ ಬದಲಾದವು. ಹಾಗಾಗಿ ಬಿಡಿಭಾಗ ತರಿಸುವಾಗ ಮಾದರಿಯ ಹೆಸರು ಹೇಳಿದರೆ ಸಾಲದು, ಚಾಸಿ ಸಂಖ್ಯೆ ಕೊಡಬೇಕು.

ಆಮೇಲೆ ಒಂದು ನೋಟ್‌ಬುಕ್, ಒಂದು ಟಾರ್ಚ್, ಒಂದು ಹಳೆಯ ಸ್ಕ್ರೂಡ್ರೈವರ್ ಹಿಡಿದು ಕಾರಿನ ಸುತ್ತ ಮತ್ತು ಕೆಳಗೆ ಓಡಾಡಿ. ಏನನ್ನೂ ಬಿಚ್ಚಬೇಡಿ, ಕಂಡದ್ದನ್ನು ಬರೆದುಕೊಳ್ಳಿ.

ಶುರುಮಾಡಬೇಕಾದದ್ದು ತುಕ್ಕಿನಿಂದ. ಎಂಜಿನ್ ಕೆಟ್ಟರೆ ಇನ್ನೊಂದು ಎಂಜಿನ್ ಸಿಗಬಹುದು. ಮೈಯೇ ತಿಂದುಹೋಗಿದ್ದರೆ ಅದಕ್ಕೆ ಹಾಕಿದ ಹೊಸ ಭಾಗಗಳೆಲ್ಲ ಗೆದ್ದಲು ಹಿಡಿದ ತೊಲೆಗೆ ಬಣ್ಣ ಬಳಿದಂತೆ. ಬಾಗಿಲಿನ ಕೆಳಗಿನ ಪೆಟ್ಟಿಗೆಯಾಕಾರದ ಅಂಚು, ಜಾಕ್ ಕೊಡುವ ಜಾಗ, ಸಸ್ಪೆನ್ಷನ್ ತೋಳುಗಳು ಮೈಗೆ ಸೇರುವ ಜಾಗ, ಬ್ಯಾಟರಿಯ ತಟ್ಟೆ, ಈ ಎಲ್ಲ ಕಡೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಖಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಕೊಡುತ್ತದೆ. ಒಂದು ಚಿಕ್ಕ ಅಯಸ್ಕಾಂತವಿದ್ದರೆ ಬಣ್ಣದಡಿ ಬರೀ ಪುಟ್ಟಿ ತುಂಬಿದ ಜಾಗವೂ ಸಿಕ್ಕಿಬೀಳುತ್ತದೆ. ಮಡಿಸುವ ಚಾವಣಿಯ ಕಾರಾಗಿದ್ದರೆ ಚಾವಣಿಯ ನೀರು ಹೋಗುವ ರಂಧ್ರಗಳನ್ನು ತಪ್ಪದೆ ನೋಡಿ. ಅವು ಎಲೆ, ಕಸ ತುಂಬಿ ಕಟ್ಟಿಕೊಂಡರೆ ನೀರು ಒಳಗೇ ನಿಂತು ಅಂಚನ್ನು ಒಳಗಿನಿಂದ ತಿನ್ನುತ್ತದೆ, ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಸಸ್ಪೆನ್ಷನ್ ಸೇರುವ ಜಾಗದಲ್ಲಿ ತುಕ್ಕು ಆಳವಾಗಿದ್ದರೆ ಉಳಿದ ಯೋಜನೆಯನ್ನೆಲ್ಲ ಬದಿಗಿಟ್ಟು ಮೊದಲು ವೆಲ್ಡಿಂಗ್ ಬಲ್ಲವರ ಬಳಿ ಹೋಗಿ.

ಎಂಜಿನ್ನಿಗೆ ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಪರೀಕ್ಷೆ ಮಾಡಿ. ಎಂಜಿನ್ ಬಿಸಿಯಾಗಿರಬೇಕು, ಎಲ್ಲ ಸ್ಪಾರ್ಕ್ ಪ್ಲಗ್‌ಗಳು ಹೊರಗಿರಬೇಕು, ಇಂಧನ ಮತ್ತು ಇಗ್ನಿಷನ್ ಸಂಪರ್ಕ ತಪ್ಪಿಸಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಬರುವ ಅಂಕಿ ಕೈಪಿಡಿಯಲ್ಲಿ ಕೊಟ್ಟ ಮಿತಿಯೊಳಗಿರಬೇಕು. ಜೊತೆಗೆ ಸಿಲಿಂಡರುಗಳು ಒಂದಕ್ಕೊಂದು ಎಷ್ಟು ಹತ್ತಿರವಿವೆ ಎಂಬುದೂ ಅಷ್ಟೇ ಮುಖ್ಯ. ಒಂದು ಸಿಲಿಂಡರ್ ಉಳಿದವಕ್ಕಿಂತ ಎದ್ದು ಕಾಣುವಷ್ಟು ಕಡಿಮೆ ಇದ್ದರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಒತ್ತಡ ಏರಿತೆಂದರೆ ಸವೆದದ್ದು ಪಿಸ್ಟನ್ ರಿಂಗು. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಅಡಿಯ ಸೀಲು) ಮೇಲೆ ಅನುಮಾನ ಪಡಬೇಕು. ಅರ್ಧ ಗಂಟೆಯ ಈ ಕೆಲಸ ಮುಂದಿನ ಎರಡು ವರ್ಷದ ಯೋಜನೆಯನ್ನೇ ತಿರುಗಿಸಬಲ್ಲದು. ಸಾಯುತ್ತಿರುವ ಎಂಜಿನ್ನಿಗೆ ಹೊಸ ಎಗ್ಸಾಸ್ಟ್ ಕೂರಿಸಿದವರನ್ನು ನಾನು ಬಲ್ಲೆ.

ಉಳಿದವು ಬೇಗ ಮುಗಿಯುತ್ತವೆ. ರಾತ್ರಿಯಿಡೀ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ಆಸುಪಾಸು, ಎಂಜಿನ್ ಓಡುವಾಗ 14ರ ಆಸುಪಾಸು ತೋರಿಸಬೇಕು. ಟೈರಿನ ಪಕ್ಕದಲ್ಲಿ ತಯಾರಿಯ ದಿನಾಂಕ ನಾಲ್ಕು ಅಂಕಿಗಳಲ್ಲಿರುತ್ತದೆ: 2319 ಎಂದರೆ 2019ರ 23ನೇ ವಾರ. ಮೂರೇ ಅಂಕಿ ಕಂಡರೆ ಅದು 2000ಕ್ಕಿಂತ ಹಿಂದಿನ ಟೈರ್. ಅದರ ಮೈ ಎಷ್ಟೇ ಸವೆಯದೆ ಉಳಿದಿದ್ದರೂ ಕಾರನ್ನು ಗ್ಯಾರೇಜಿನಿಂದ ಹೊರಗೆ ತೆಗೆಯಬೇಡಿ.

ಜೀವಕ್ಕೆ, ಎಂಜಿನ್ನಿಗೆ, ಆಸೆಗೆ

ಈಗ ನೋಟ್‌ಬುಕ್ಕಿನಲ್ಲಿ ಮೂವತ್ತು ನಲವತ್ತು ಸಾಲುಗಳಿರುತ್ತವೆ. ಪ್ರತಿ ಸಾಲಿನ ಪಕ್ಕ ಈ ಮೂರರಲ್ಲಿ ಒಂದು ಮಾತು ಬರೆಯಿರಿ. ನನ್ನ ಮೊದಲ ಪಟ್ಟಿಯಲ್ಲಿ ಇದ್ದದ್ದೆಲ್ಲ ಮೂರನೆಯ ಬಗೆಯದೇ.

ಜೀವಕ್ಕೆ ಸಂಬಂಧಿಸಿದ್ದರಲ್ಲಿ ಬ್ರೇಕಿನದೇ ಮೊದಲ ಸ್ಥಾನ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ; ತೇವ ಹೀರಿಕೊಂಡ ಸ್ಥಿತಿಗೆ ಅದೇ ನಿಯಮ 155 ಡಿಗ್ರಿಗೆ ಇಳಿಯುತ್ತದೆ. ಘಾಟಿ ಇಳಿಯುವಾಗ ಆಯಿಲಿನೊಳಗಿನ ನೀರು ಆವಿಯಾದರೆ ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ಕೆಳಗಿಳಿಯುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಡಾಟ್ 5 ಎಂಬುದು ಸಿಲಿಕೋನಿನದು, ಅದನ್ನು ಡಾಟ್ 4ರ ಜೊತೆ ಬೆರೆಸುವಂತಿಲ್ಲ, ಡಾಟ್ 5.1 ಬೇರೆ, ಅದು ಡಾಟ್ 4ರ ಜಾತಿಗೇ ಸೇರಿದ್ದು. ಇಷ್ಟು ಗೊಂದಲದ ಹೆಸರುಗಳನ್ನು ಯಾಕಿಟ್ಟರೋ! ಚಕ್ರಗಳ ಬಳಿಯ ರಬ್ಬರ್ ಪೈಪುಗಳನ್ನು ಮಡಚಿ ಬಿರುಕು ಹುಡುಕಿ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ನುಗಳು ಸಲೀಸಾಗಿ ಓಡಾಡುತ್ತವೆಯೇ ನೋಡಿ. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ, ಚೆಲ್ಲಿದರೆ ಒರೆಸಿ ಬಿಡದೆ ನೀರು ಸುರಿದು ತೊಳೆಯಿರಿ.

ಎಂಜಿನ್ನಿನ ಪಟ್ಟಿಯಲ್ಲಿ ನನ್ನ ಪ್ರಕಾರ ಮೊದಲ ಪ್ರಶ್ನೆ ಒಂದೇ: ವಾಲ್ವ್‌ಗಳನ್ನು ಪಿಸ್ಟನ್ನಿನ ತಾಳಕ್ಕೆ ತೆರೆದು ಮುಚ್ಚಿಸುವ ರಬ್ಬರಿನ ಟೈಮಿಂಗ್ ಬೆಲ್ಟ್ ಇದೆಯೇ, ಇದ್ದರೆ ಅದರ ವಯಸ್ಸೆಷ್ಟು? ಕೆಲವು ಎಂಜಿನ್‌ಗಳಲ್ಲಿ ಬೆಲ್ಟ್ ತುಂಡಾದರೆ ಕಾರು ನಿಲ್ಲುತ್ತದೆ, ಹೊಸ ಬೆಲ್ಟ್ ಹಾಕಿದರೆ ಮತ್ತೆ ಓಡುತ್ತದೆ. ಮೊದಲು ಹೇಳಿದ 1.6 ಲೀಟರ್ ಮಾಜ್ದಾ ಎಂಜಿನ್ ಈ ಸಾಧು ಜಾತಿಯದು. ಪೋರ್ಷೆ 944ರಂಥವುಗಳಲ್ಲಿ ಹಾಗಲ್ಲ. ಬೆಲ್ಟ್ ಕೈಕೊಟ್ಟ ಗಳಿಗೆಯಲ್ಲಿ ತೆರೆದ ವಾಲ್ವ್‌ಗಳಿಗೆ ಪಿಸ್ಟನ್‌ಗಳು ಬಡಿಯುತ್ತವೆ, ವಾಲ್ವ್‌ಗಳು ಬಾಗುತ್ತವೆ, ಹೆಡ್ ಬಿಚ್ಚದೆ ಗತಿಯಿಲ್ಲ. ರಬ್ಬರಿಗೆ ಓಡಿದ ಕಿಲೋಮೀಟರಿನಷ್ಟೇ ಕಳೆದ ವರ್ಷಗಳೂ ಲೆಕ್ಕ. "ಹಿಂದಿನ ಮಾಲೀಕರು ಬದಲಾಯಿಸಿದ್ದರಂತೆ" ಎಂಬ ಮಾತಿಗೆ ಬಿಲ್ಲು ಇಲ್ಲದಿದ್ದರೆ ಬದಲಾಯಿಸಿಲ್ಲ ಎಂದೇ ತಿಳಿಯಿರಿ. ಕೂಲಂಟ್, ಅದರ ಪೈಪುಗಳು, ಥರ್ಮೋಸ್ಟಾಟ್, ರೇಡಿಯೇಟರ್ ಮುಚ್ಚಳ, ಇಂಧನದ ಪೈಪುಗಳು ಇದರ ಹಿಂದೆಯೇ ಬರಬೇಕು. ಹಳೆಯ ಇಂಧನ ಪೈಪುಗಳು ಎಥನಾಲ್ ಬೆರೆತ ಪೆಟ್ರೋಲಿಗೆ ಮಾಡಿದವಲ್ಲ, ಅವನ್ನು ಎಥನಾಲ್ ತಾಳುವ ಪೈಪಿಗೆ ಬದಲಿಸಿ.

ಒಮ್ಮೆ ಬಿಚ್ಚಿದಾಗ ಏನೇನು?

ಸರದಿಯ ಅಸಲಿ ಲೆಕ್ಕ ಶುರುವಾಗುವುದು ಇಲ್ಲಿ. ಹೆಚ್ಚಿನವರು ಕೆಲಸಗಳನ್ನು ವಿಭಾಗವಾಗಿ ಹಂಚುತ್ತಾರೆ: ಎಂಜಿನ್, ಗೇರ್‌ಬಾಕ್ಸ್, ಬ್ರೇಕ್. ನಾನು ಹಂಚುವುದು ದಾರಿಯ ಮೇಲೆ. ಯಾವ ಭಾಗ ತೆಗೆದರೆ ಯಾವುದಕ್ಕೆ ಕೈ ಎಟಕುತ್ತದೆ ಎಂದು ನೋಡಿ ಒಂದೇ ದಾರಿಯಲ್ಲಿರುವ ಕೆಲಸಗಳನ್ನು ಒಟ್ಟಿಗೆ ಕಟ್ಟುತ್ತೇನೆ.

ಟೈಮಿಂಗ್ ಬೆಲ್ಟ್ ತೆಗೆದಾಗ ಅದನ್ನು ಬಿಗಿಯಾಗಿಡುವ ಟೆನ್ಷನರ್, ಅದು ಸುತ್ತುವ ರೋಲರ್‌ಗಳು, ಕ್ಯಾಮ್ ಮತ್ತು ಕ್ರ್ಯಾಂಕ್ ಶಾಫ್ಟುಗಳ ಮುಂಭಾಗದ ಸೀಲ್‌ಗಳು ಕಣ್ಣೆದುರೇ ಇರುತ್ತವೆ. ಬಹಳಷ್ಟು ಎಂಜಿನ್‌ಗಳಲ್ಲಿ ವಾಟರ್ ಪಂಪ್ ಕೂಡ ಅಲ್ಲೇ. ಬೆಲ್ಟ್ ಮಾತ್ರ ಹೊಸದು ಹಾಕಿ ಮುಚ್ಚಿದರೆ ಆರು ತಿಂಗಳಿಗೆ ಪಂಪ್ ಸೋರಿ ಅದೇ ಕೆಲಸ ಮತ್ತೆ ಮೊದಲಿನಿಂದ. ಕ್ಲಚ್ಚಿಗಾಗಿ ಗೇರ್‌ಬಾಕ್ಸ್ ಇಳಿಸಿದಿರಾ? ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಕ್ರ್ಯಾಂಕಿನ ಹಿಂಬದಿಯ ಸೀಲ್ ಮೂರನ್ನೂ ಆಗಲೇ ಮುಗಿಸಬೇಕು. 1990ರ ದಶಕದ ಕೊನೆಯ ಪೋರ್ಷೆ ಬಾಕ್ಸ್‌ಸ್ಟರ್ ಇಟ್ಟುಕೊಂಡವರು ಎಂಜಿನ್ನಿನ ಒಳಗಿನ ಮಧ್ಯಂತರ ಶಾಫ್ಟಿನ ಬೇರಿಂಗನ್ನು ಕ್ಲಚ್ ಕೆಲಸದ ಜೊತೆಯಲ್ಲೇ ಬದಲಿಸುವುದೂ ಇದೇ ಕಾರಣಕ್ಕೆ. ಆ ಬೇರಿಂಗ್ ಒಡೆದರೆ ಎಂಜಿನ್ನೇ ಹೋಗುತ್ತದೆ, ಅದನ್ನು ತಲುಪುವ ದಾರಿ ಗೇರ್‌ಬಾಕ್ಸ್ ಇಳಿಸಿದಾಗ ಮಾತ್ರ ತೆರೆಯುತ್ತದೆ.

ಆದರೆ ಈ ಬುದ್ಧಿವಂತಿಕೆಗೆ ಒಂದು ಕಾಯಿಲೆ ಅಂಟಿಕೊಂಡಿದೆ. "ಹೇಗೂ ಬಿಚ್ಚಿದ್ದೇನಲ್ಲ" ಎಂಬುದೇ ಅದರ ಮೊದಲ ಲಕ್ಷಣ. ಎರಡು ವಾರಾಂತ್ಯಗಳಲ್ಲಿ ಮುಗಿಯಬೇಕಿದ್ದ ನನ್ನ ಕ್ಲಚ್ ಕೆಲಸ, ಹೇಗೂ ಗೇರ್‌ಬಾಕ್ಸ್ ಕೆಳಗಿದೆಯೆಂದು ಹೊರಮೈ ತಿಕ್ಕುವುದಕ್ಕೆ, ಹೇಗೂ ತಿಕ್ಕುತ್ತಿದ್ದೇನೆಂದು ಗೇರ್‌ಬಾಕ್ಸ್ ಕೂರುವ ಸುರಂಗಕ್ಕೆ ಬಣ್ಣ ಬಳಿಯುವುದಕ್ಕೆ, ಹೇಗೂ ಬಣ್ಣ ಇದೆಯೆಂದು ಹಿಂದಿನ ಸಸ್ಪೆನ್ಷನ್ ಇಳಿಸುವುದಕ್ಕೆ ಹಬ್ಬಿ ನಾಲ್ಕು ತಿಂಗಳು ತೆಗೆದುಕೊಂಡಿತು. ಈಗ ನನ್ನ ನಿಯಮ ಇದು: ಸವೆಯುವ ಭಾಗವಾಗಿರಬೇಕು ಮತ್ತು ಮುಂದೆ ಅದಕ್ಕಾಗಿಯೇ ಇಷ್ಟೆಲ್ಲ ಮತ್ತೆ ಬಿಚ್ಚುವಂತಿರಬೇಕು. ಎರಡೂ ಹೌದಾದರೆ ಮಾತ್ರ ಈಗ ಮಾಡುತ್ತೇನೆ, ಇಲ್ಲದಿದ್ದರೆ ನೋಟ್‌ಬುಕ್ಕಿಗೆ.

ಸುಧಾರಣೆಯ ಆಸೆಗೂ ಸರಿಯಾದ ಗಳಿಗೆ ಇಲ್ಲಿಯೇ ಸಿಗುತ್ತದೆ. ಶಾಕ್ ಅಬ್ಸಾರ್ಬರ್ ಸೋರುತ್ತಿದೆ, ಹೇಗಿದ್ದರೂ ಹೊಸದು ಬೇಕು ಎಂದಾಗಲೇ ಒಳ್ಳೆಯ ದರ್ಜೆಯದನ್ನು ಆರಿಸಿ. ಕ್ಲಚ್ ಸವೆದಿದೆ, ಮುಂದೆ ಎಂಜಿನ್ ಶಕ್ತಿ ಹೆಚ್ಚಿಸುವ ಯೋಚನೆಯೂ ಇದೆ ಎಂದಾದರೆ ಅದಕ್ಕೆ ತಕ್ಕ ಕ್ಲಚ್ಚನ್ನು ಈಗಲೇ ಹಾಕಿ. ಚೆನ್ನಾಗಿರುವ ಭಾಗವನ್ನು ಕಿತ್ತು ಅದಕ್ಕಿಂತ ಚೆನ್ನಾಗಿರುವುದನ್ನು ಹಾಕುವುದು ದುಡ್ಡಿನ ಮಾತು. ಕೆಟ್ಟದ್ದನ್ನು ಕಿತ್ತ ಜಾಗಕ್ಕೆ ಉತ್ತಮವಾದದ್ದು ಬಂದರೆ ಖರ್ಚಿನ ಅರ್ಧ ರಿಪೇರಿಯ ಲೆಕ್ಕಕ್ಕೆ ಹೋಗುತ್ತದೆ. ಮನೆಯವರಿಗೆ ವಿವರಿಸುವುದೂ ಸುಲಭ.

ಸಾಮಾನು ಮನೆಗೆ ಬಂದ ಮೇಲೆ ಬಿಚ್ಚಿ

ಹಳೆಯ ಕಾರಿನ ಎಷ್ಟೋ ಭಾಗಗಳ ತಯಾರಿ ನಿಂತಿರುತ್ತದೆ. ದೊಡ್ಡ ಭಾಗ ಸಿಕ್ಕಿ, ಅದರ ಜೊತೆಗಿನ ಒಂದು ಒ-ರಿಂಗ್ ಸಿಗದೆ ಕಾರು ತಿಂಗಳುಗಟ್ಟಲೆ ನಿಂತುಬಿಡಬಹುದು. ಆದ್ದರಿಂದ ಪಟ್ಟಿ ಮಾಡುವಾಗ ಚಿಲ್ಲರೆಯನ್ನೇ ಮೊದಲು ಬರೆಯಿರಿ: ಗ್ಯಾಸ್ಕೆಟ್, ತಾಮ್ರದ ವಾಷರ್, ಪೈಪಿನ ಕ್ಲಿಪ್ಪು, ಕಾಟರ್ ಪಿನ್ನು, ಒಮ್ಮೆ ಬಿಗಿದರೆ ಮತ್ತೆ ಬಳಸಬಾರದ ಬೋಲ್ಟುಗಳು. ಬಂದ ಭಾಗವನ್ನು ಡಬ್ಬದಿಂದ ತೆಗೆದು ಕಾರಿನಲ್ಲಿರುವುದಕ್ಕೆ ಹೋಲಿಸಿ ನೋಡುವವರೆಗೆ ಕಾರಿಗೆ ಕೈ ಹಚ್ಚಬೇಡಿ.

ಸಮಯದ ಲೆಕ್ಕವೂ ಇದೇ ರೀತಿ. ಕೈಪಿಡಿಯ ಎರಡು ಗಂಟೆ ಎಂದರೆ ಹೊಸ ಕಾರು, ಲಿಫ್ಟ್, ಅದೇ ಕೆಲಸ ನೂರು ಸಲ ಮಾಡಿದ ಮೆಕ್ಯಾನಿಕ್. ನಿಮ್ಮದು ಹಳೆಯ ಕಾರು, ನೆಲ, ಮೊದಲ ಸಲ; ಮೂರು ಪಟ್ಟು ಹಿಡಿಯಿರಿ. ಬೆಳಿಗ್ಗೆ ಶುರುಮಾಡಿ, ಮರುದಿನ ಅಂಗಡಿ ತೆರೆದಿರುವಂತೆ ನೋಡಿಕೊಳ್ಳಿ. ಕೆಲಸಕ್ಕೆ ಹೋಗಲು ಅದೊಂದೇ ಕಾರು ಇದ್ದರೆ ವಾರಾಂತ್ಯದಲ್ಲಿ ದೊಡ್ಡ ಕೆಲಸಕ್ಕೆ ಇಳಿಯಲೇಬೇಡಿ.

ಉಪಕರಣಗಳಲ್ಲಿ ನನ್ನ ಹಟ ಎರಡರ ಬಗ್ಗೆ. ಬಿಗಿತ ಅಳೆದು ಬಿಗಿಯುವ ಟಾರ್ಕ್ ವ್ರೆಂಚ್ ಬೇಕು, ಯಾಕೆಂದರೆ ಅಲ್ಯೂಮಿನಿಯಂ ಎಂಜಿನ್ನಿನಲ್ಲಿ ಕೈ ಅಂದಾಜಿಗೆ ಬಿಗಿದ ಬೋಲ್ಟು ಮರೆಯನ್ನೇ (ತಿರುಪಿನ ಗೆರೆಗಳನ್ನೇ) ಕಿತ್ತುಕೊಂಡು ಬರುತ್ತದೆ. ಸಾಕೆಟ್‌ಗಳು ಹನ್ನೆರಡು ಮೂಲೆಯವಲ್ಲ, ಆರು ಮೂಲೆಯವು ಇರಲಿ. ತುಕ್ಕು ಹಿಡಿದ ನಟ್ಟಿನ ಮೂಲೆಗಳನ್ನು ಹನ್ನೆರಡರದು ಉರುಟಾಗಿಸಿಬಿಡುತ್ತದೆ.

ಕಾರಿನ ಅಡಿ ಹೋಗುವ ಮುನ್ನ

ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಸಮತಟ್ಟಾದ ಗಟ್ಟಿ ನೆಲದ ಮೇಲೆ, ಕೈಪಿಡಿ ತೋರಿಸಿದ ಜಾಗಗಳಲ್ಲಿ ಸ್ಟ್ಯಾಂಡ್ ಕೊಟ್ಟು, ಅಡಿ ಹೋಗುವ ಮೊದಲು ಕಾರನ್ನು ಭುಜ ಕೊಟ್ಟು ಜೋರಾಗಿ ಅಲುಗಾಡಿಸಿ. ಬೀಳುವುದಿದ್ದರೆ ಆಗಲೇ ಬೀಳಲಿ. ಬಿಚ್ಚಿದ ಚಕ್ರವನ್ನು ಅಂಚಿನ ಕೆಳಗೆ ಮಲಗಿಸಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಯಾವತ್ತೂ ಬೇಡ, ಅವು ಸೂಚನೆ ಕೊಡದೆ ಪುಡಿಯಾಗುತ್ತವೆ. ಏರ್‌ಬ್ಯಾಗ್ ಇರುವ ಸ್ಟಿಯರಿಂಗ್ ಬಿಚ್ಚುವ ಮೊದಲು ಬ್ಯಾಟರಿ ಕಳಚಿ, ಕೈಪಿಡಿ ಹೇಳಿದಷ್ಟು ಹೊತ್ತು ಕಾಯಿರಿ. ಹಳೆಯ ಬ್ರೇಕ್ ಪ್ಯಾಡಿನ ದೂಳಿನಲ್ಲಿ ಕಲ್ನಾರು ಇರಬಹುದು, ಗಾಳಿ ಊದಬೇಡಿ, ಒದ್ದೆ ಮಾಡಿ ಒರೆಸಿ. ಸ್ಪ್ರಿಂಗ್ ಅದುಮಿ ಶಾಕ್ ಅಬ್ಸಾರ್ಬರಿನಿಂದ ಬೇರ್ಪಡಿಸುವ ಕೆಲಸವನ್ನು ನಾನು ಈಗಲೂ ವರ್ಕ್‌ಶಾಪಿಗೇ ಒಯ್ಯುತ್ತೇನೆ. ವೆಲ್ಡಿಂಗ್, ಎಸಿ ಗ್ಯಾಸ್, ಚಕ್ರಗಳ ಅಲೈನ್‌ಮೆಂಟ್ ಕೂಡ ಹೊರಗಿನವರದೇ ಕೆಲಸ.

ಬಿಚ್ಚುವ ಕಲೆ

ಬಿಚ್ಚುವುದರಲ್ಲಿ ಅರ್ಧ ಕೆಲಸ ಹಿಂದಿನ ವಾರವೇ ನಡೆಯುತ್ತದೆ. ತುಕ್ಕು ಸಡಿಲಿಸುವ ಎಣ್ಣೆಯನ್ನು ಮೂರು ನಾಲ್ಕು ಸಂಜೆ ಬೋಲ್ಟುಗಳಿಗೆ ಸಿಂಪಡಿಸಿ, ತಂತಿಯ ಬ್ರಷ್ಷಿನಿಂದ ಹೊರಗೆ ಕಾಣುವ ಮರೆಯನ್ನು ಉಜ್ಜಿ. ಕೆಲಸದ ದಿನ ಬೋಲ್ಟನ್ನು ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ. ತುಕ್ಕಿನ ಹಿಡಿತ ಮುರಿಯುವ ಸಣ್ಣ ಸದ್ದು ಕೇಳಿದ ಮೇಲೆ ಬಿಚ್ಚುವ ಕಡೆಗೆ. ಅರ್ಧ ಸುತ್ತು ಹಿಂದೆ, ಕಾಲು ಸುತ್ತು ಮುಂದೆ, ನಡುನಡುವೆ ಎಣ್ಣೆ. ಎಗ್ಸಾಸ್ಟಿನ ಸ್ಟಡ್‌ಗಳು ಮುರಿಯುತ್ತವೆ ಎಂದೇ ಯೋಜನೆ ಹಾಕಿ, ಹೊಸ ಸ್ಟಡ್ ಮತ್ತು ಡ್ರಿಲ್ ಪಕ್ಕದಲ್ಲಿರಲಿ.

ಗೇರ್‌ಬಾಕ್ಸ್ ಆಯಿಲ್ ಬದಲಾಯಿಸುವವರು ಮೊದಲು ತುಂಬುವ ಬಿರಡೆಯನ್ನು ಸಡಿಲಿಸಬೇಕು, ಆಮೇಲೆ ಕೆಳಗಿನದನ್ನು. ಇದ್ದ ಆಯಿಲನ್ನೆಲ್ಲ ಬಸಿದ ಮೇಲೆ ತುಂಬುವ ಬಿರಡೆ ಜಪ್ಪಯ್ಯ ಎಂದರೂ ತೆರೆಯದಿದ್ದರೆ ಕಾರು ಅಲ್ಲೇ ಬಂದಿ. ತುಂಬುವ ಆಯಿಲ್ ಜಿಎಲ್-4 ದರ್ಜೆಯದೋ ಜಿಎಲ್-5 ದರ್ಜೆಯದೋ ಎಂಬುದನ್ನೂ ನೋಡಿ. ಜಿಎಲ್-5ರಲ್ಲಿ ಗಂಧಕದ ಸೇರ್ಪಡೆಗಳು ಹೆಚ್ಚು, ಕೆಲವು ಹಳೆಯ ಗೇರ್‌ಬಾಕ್ಸ್‌ಗಳ ಗೇರ್ ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೊ ಉಂಗುರಗಳಿಗೆ ಅದು ಒಗ್ಗುವುದಿಲ್ಲ.

ಬಿಚ್ಚಿದ್ದನ್ನು ನೆನಪಿಟ್ಟುಕೊಳ್ಳುತ್ತೇನೆ ಎಂಬ ಭ್ರಮೆ ಬೇಡ. ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ನಂತರ ಇನ್ನೂ ಸ್ವಲ್ಪ ದೂರದಿಂದ ಮತ್ತೊಂದು. ಹತ್ತಿರದ ಫೋಟೊದಲ್ಲಿ ಅದು ಎಲ್ಲಿಯದು ಎಂಬುದೇ ತಿಳಿಯುವುದಿಲ್ಲ. ಒಂದೇ ಮುಚ್ಚಳಕ್ಕೆ ಬೇರೆ ಬೇರೆ ಉದ್ದದ ಬೋಲ್ಟುಗಳಿದ್ದರೆ ರಟ್ಟಿನ ಮೇಲೆ ಮುಚ್ಚಳದ ಆಕಾರ ಬರೆದು, ಆಯಾ ಜಾಗದಲ್ಲಿ ತೂತು ಮಾಡಿ ಬೋಲ್ಟು ಚುಚ್ಚಿಡಿ. ಜೋಡಿಸುವಾಗ ಪ್ರತಿ ಬೋಲ್ಟಿನ ಮೊದಲ ಸುತ್ತುಗಳು ಬೆರಳಿನಿಂದಲೇ ಆಗಬೇಕು.

ಆಸೆಗೂ ಒಂದು ಸರದಿ

ಎಲ್ಲ ಸರಿಯಾದ ಮೇಲೆ ಕೆಲವು ವಾರ ಕಾರು ಓಡಿಸಿ. ಸರಿಯಾಗಿ ರಿಪೇರಿಯಾದ ಹಳೆಯ ಕಾರು ಎಷ್ಟು ಚೆನ್ನಾಗಿ ಓಡುತ್ತದೆ ಎಂಬುದೇ ಬಹಳ ಮಂದಿಗೆ ಗೊತ್ತಿರುವುದಿಲ್ಲ. ಆಸೆಯ ಪಟ್ಟಿಯಲ್ಲಿ ಕಾಲು ಭಾಗ ಆಗಲೇ ಉದುರಿಹೋಗುತ್ತದೆ.

ಉಳಿದದ್ದರಲ್ಲಿ ಟೈರಿಗೆ ಮೊದಲ ಮರ್ಯಾದೆ, ಯಾಕೆಂದರೆ ಬ್ರೇಕೂ ಸ್ಟಿಯರಿಂಗೂ ರಸ್ತೆಯನ್ನು ಮುಟ್ಟುವುದು ಅದರ ಮೂಲಕವೇ. ಬಳಿಕ ಬ್ರೇಕ್ ಪ್ಯಾಡು. ಇಲ್ಲಿ ರೇಸಿನ ಪ್ಯಾಡಿಗೆ ಮರುಳಾಗಬೇಡಿ, ತಣ್ಣಗಿರುವಾಗ ಅವು ಕಚ್ಚುವುದಿಲ್ಲ. ಬೆಳಿಗ್ಗೆ ಮೊದಲ ತಿರುವಿನಲ್ಲೇ ಅದು ಅನುಭವಕ್ಕೆ ಬರುತ್ತದೆ. ಮೂರನೆಯದು ಶಾಕ್ ಅಬ್ಸಾರ್ಬರ್ ಮತ್ತು ಸಸ್ಪೆನ್ಷನ್ ಕೀಲುಗಳಲ್ಲಿ ಕೂರುವ ಬುಷ್‌ಗಳು. ಸವೆದ ಶಾಕ್ ಅಬ್ಸಾರ್ಬರಿನ ಮೇಲೆ ಗಿಡ್ಡ, ಬಿಗಿ ಸ್ಪ್ರಿಂಗ್ ಕೂರಿಸಿದರೆ ಕಾರು ಪುಟಿಯುವ ಚೆಂಡಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ರಬ್ಬರ್ ಬುಷ್ ಹಾಕುವಾಗ ಹೆಚ್ಚಿನವರು ಎಡವುವ ಜಾಗ ಒಂದಿದೆ. ಚಕ್ರ ತೂಗಾಡುತ್ತಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದರೆ ಕಾರು ನೆಲಕ್ಕಿಳಿದ ಕೂಡಲೇ ಬುಷ್ ತಿರುಚಿಕೊಂಡು, ಸದಾ ಅದೇ ಸ್ಥಿತಿಯಲ್ಲಿದ್ದು ಬೇಗನೆ ಹರಿಯುತ್ತದೆ. ಬೋಲ್ಟನ್ನು ಸಡಿಲವಾಗಿ ಕೂರಿಸಿ, ಕಾರಿನ ಭಾರ ಚಕ್ರಗಳ ಮೇಲೆ ಬಂದ ನಂತರವೇ ಕೊನೆಯ ಬಿಗಿತ ಕೊಡಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿ. ಪಾಲಿಯುರೆಥೇನ್ ಬುಷ್‌ಗಳು ರಬ್ಬರಿಗಿಂತ ಗಟ್ಟಿ, ತಿರುವಿನಲ್ಲಿ ಚುರುಕು. ಆದರೆ ರಸ್ತೆಯ ಅದುರಾಟವನ್ನೆಲ್ಲ ಸೀಟಿಗೆ ತಂದು ಒಪ್ಪಿಸುತ್ತವೆ.

ಶಕ್ತಿ ಹೆಚ್ಚಿಸುವುದು ಕೊನೆಗೆ. ಟರ್ಬೊ ಇಲ್ಲದ ಎಂಜಿನ್ನಿಗೆ ಎಗ್ಸಾಸ್ಟ್, ಏರ್ ಫಿಲ್ಟರ್ ಬದಲಿಸಿದರೆ ಸಿಗುವುದು ಹೆಚ್ಚಾಗಿ ಸದ್ದು. ಟರ್ಬೊ ಕೂರಿಸಿದರೆ ನಿಜವಾದ ಶಕ್ತಿ ಬರುತ್ತದೆ, ಅದರ ಹಿಂದೆಯೇ ಶಾಖ ಬರುತ್ತದೆ, ಅದರ ಹಿಂದೆ ರೇಡಿಯೇಟರ್, ಇಂಧನ ಪೂರೈಕೆ, ಕ್ಲಚ್, ಬ್ರೇಕ್ ಸಾಲುಗಟ್ಟಿ ನಿಲ್ಲುತ್ತವೆ. ಅಷ್ಟಕ್ಕೂ ಸಿದ್ಧರಿದ್ದರೆ ಮಾತ್ರ ಕೈ ಹಾಕಿ. ನೋಂದಣಿ ನಿಯಮಗಳೂ ವಿಮೆಯೂ ಆ ಬದಲಾವಣೆಯನ್ನು ಒಪ್ಪುತ್ತವೆಯೇ ಎಂಬುದನ್ನು ಭಾಗ ತರಿಸುವ ಮೊದಲೇ ವಿಚಾರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಓಡಿಸಿ ನೋಡಿ, ಆಮೇಲೆ ಮುಂದಿನದು. ಮೂರು ಒಟ್ಟಿಗೆ ಮಾಡಿದರೆ ಹೊಸ ಸದ್ದು ಯಾವುದರದ್ದೆಂದು ಪತ್ತೆಯಾಗುವುದಿಲ್ಲ. ತೆಗೆದ ಮೂಲ ಭಾಗಗಳನ್ನು ಎಸೆಯಬೇಡಿ, ಹೆಸರು ಬರೆದು ಅಟ್ಟಕ್ಕೇರಿಸಿ.

ಕೆಲಸ ಮುಗಿದ ರಾತ್ರಿ

ಬ್ರೇಕ್ ಮುಟ್ಟಿದ್ದರೆ ಕಾರು ಅಲುಗಿಸುವ ಮೊದಲೇ ಪೆಡಲನ್ನು ಗಟ್ಟಿಯಾಗುವವರೆಗೆ ತುಳಿಯಿರಿ. ಪ್ಯಾಡು ಡಿಸ್ಕಿಗೆ ತಾಗುವವರೆಗೆ ಬ್ರೇಕ್ ಇರುವುದಿಲ್ಲ. ಮೊದಲ ಓಡಾಟ ಮನೆಯ ಸುತ್ತ, ನಿಧಾನವಾಗಿ, ಕಿಟಕಿ ತೆರೆದು. ಚಕ್ರದ ನಟ್ಟುಗಳನ್ನು 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಟಾರ್ಕ್ ವ್ರೆಂಚಿನಿಂದ ನೋಡಿ.

ರಾತ್ರಿ ಕಾರಿನ ಅಡಿ ಒಂದು ದೊಡ್ಡ ರಟ್ಟು ಹಾಸಿ, ನಾಲ್ಕು ಚಕ್ರಗಳ ಜಾಗವನ್ನು ಪೆನ್ನಿನಿಂದ ಗುರುತಿಸಿ ಮಲಗಿ. ಬೆಳಿಗ್ಗೆ ರಟ್ಟಿನ ಮೇಲೆ ಕಂದು ಕಲೆ ಇದ್ದರೆ ಎಂಜಿನ್ ಆಯಿಲ್, ಹಸಿರೋ ಗುಲಾಬಿಯೋ ಇದ್ದು ಬೆರಳಿಗೆ ಜಿಗುಟಾದರೆ ಕೂಲಂಟ್, ಗಾಢವಾಗಿ ಮೂಗಿಗೆ ಗಂಧಕದ ವಾಸನೆ ಹೊಡೆದರೆ ಗೇರ್ ಆಯಿಲ್. ಇವನ್ನು ನೋಟ್‌ಬುಕ್ಕಿಗೆ ಬರೆದು ಹನಿಗಳ ಲೆಕ್ಕ ಇಡಬಹುದು. ಚಕ್ರದ ಗುರುತಿನ ಬಳಿ ತಿಳಿ ಹಳದಿಯ, ನೀರಿನಂತೆ ತೆಳ್ಳಗಿನ ಒಂದೇ ಒಂದು ಹನಿ ಕಂಡರೂ ಅದು ಬ್ರೇಕ್ ಆಯಿಲ್. ಕಾರಿನ ಕೀಲಿಯನ್ನು ಮೊಳೆಗೆ ತಗಲಿಸಿ ಜಾಕ್ ಹೊರಗೆ ತೆಗೆಯಿರಿ.